ಪತ್ತೇದಾರಿ ಕಾದಂಬರಿ ಓದಿಸಿಕೊಂಡು ಹೋಗುವ ಬಗೆ

ಪತ್ತೇದಾರಿ ಕಾದಂಬರಿಯ ಹೊಟ್ಟೆಯಲ್ಲಿ ಎರಡು ಕಥೆಗಳಿರುತ್ತವೆ. ಮೊದಲನೆಯದು ಅಪರಾಧದ ಕಥೆ: ಯಾರು, ಯಾರನ್ನು, ಯಾವಾಗ, ಯಾಕೆ ಕೊಂದರು ಎಂಬುದು. ಪುಸ್ತಕ ಶುರುವಾಗುವ ಹೊತ್ತಿಗೆ ಅದು ನಡೆದು ಮುಗಿದಿರುತ್ತದೆ, ಇಲ್ಲವೇ ಮೊದಲ ಕೆಲವು ಪುಟಗಳಲ್ಲೇ ಮುಗಿಯುತ್ತದೆ. ಎರಡನೆಯದು ಶೋಧದ ಕಥೆ. ಪತ್ತೇದಾರ ಬರುತ್ತಾನೆ, ಕೋಣೆ ನೋಡುತ್ತಾನೆ, ಮನೆಯವರನ್ನೂ ಆಳುಗಳನ್ನೂ ಮಾತನಾಡಿಸುತ್ತಾನೆ, ಕೊನೆಗೆ ಮೊದಲ ಕಥೆಯನ್ನು ಎಲ್ಲರೆದುರು ಬಿಡಿಸಿ ಹೇಳುತ್ತಾನೆ. ಈ ಎರಡು ಪದರಗಳನ್ನು 1966ರ ಒಂದು ಲೇಖನದಲ್ಲಿ ಸ್ಪಷ್ಟವಾಗಿ ಬೇರ್ಪಡಿಸಿ ತೋರಿಸಿದವರು ಫ್ರಾನ್ಸಿನಲ್ಲಿ ನೆಲೆಸಿದ್ದ ವಿಮರ್ಶಕ ಟ್ಸ್ವೆಟಾನ್ ಟೊಡೊರೊವ್. ಓದುಗ ಓದುತ್ತಿರುವುದು ಎರಡನೆಯ ಕಥೆಯನ್ನು. ಅವನಿಗೆ ಬೇಕಾಗಿರುವುದು ಮೊದಲನೆಯದು. ಪುಟ ತಿರುಗಿಸುತ್ತಲೇ ಇರುವಂತೆ ಮಾಡುವ ಸೆಳೆತ ಹುಟ್ಟುವುದು ಇವೆರಡರ ನಡುವಿನ ಅಂತರದಲ್ಲಿ.

ಇಂಥ ಪುಸ್ತಕಗಳ ಬಗ್ಗೆ ಹೊಗಳುವವರೂ ತೆಗಳುವವರೂ ಹೇಳುವ ಮಾತು ಒಂದೇ: ಅವು ಸುಲಭ, ಒಂದೇ ಉಸಿರಿಗೆ ಓದಿ ಮುಗಿಸಬಹುದು. ಹೊಗಳುವವರು ಅದನ್ನು ಗುಣವೆಂದು ಎಣಿಸುತ್ತಾರೆ, ತೆಗಳುವವರು ಕೊರತೆಯೆಂದು. ಕಟ್ಟು ಬಿಚ್ಚಿ ನೋಡಿದರೆ ಈ ಸಲೀಸುತನ ಕಥೆಯ ಕಟ್ಟಡಕ್ಕೇ ಸೇರಿದ್ದು ಎಂದು ತಿಳಿಯುತ್ತದೆ. ಓದು ಎಲ್ಲೂ ತಡವರಿಸದೆ ಸಾಗಿದಾಗಲೇ ಸುಳಿವು ಕಣ್ಣೆದುರಿಗಿದ್ದೂ ಕಣ್ತಪ್ಪಿಸಿಕೊಳ್ಳಬಲ್ಲದು. ಗದ್ಯ ತೊಡಕಾಗಿದ್ದರೆ ಓದುಗ ಪ್ರತಿ ವಾಕ್ಯಕ್ಕೂ ನಿಲ್ಲುತ್ತಾನೆ. ನಿಂತವನು ನೋಡಬಾರದ್ದನ್ನು ನೋಡಿಬಿಡುತ್ತಾನೆ. ಒಳ್ಳೆಯ ಪತ್ತೇದಾರಿ ಲೇಖಕರೆಲ್ಲ ಇದನ್ನು ಬಲ್ಲವರು. ಅವರ ಸರಳತೆಯ ಹಿಂದೆ ಬಹಳ ಲೆಕ್ಕಾಚಾರವಿದೆ.

ಈ ಪ್ರಕಾರಕ್ಕೆ ಅಚ್ಚು ಹಾಕಿದವರು ಅಮೆರಿಕದ ಎಡ್ಗರ್ ಅಲನ್ ಪೋ. 1841ರಲ್ಲಿ ಫಿಲಡೆಲ್ಫಿಯಾದ ಮಾಸಪತ್ರಿಕೆಯೊಂದರಲ್ಲಿ ಬಂದ ಅವರ ‘ದಿ ಮರ್ಡರ್ಸ್ ಇನ್ ದಿ ರೂ ಮೋರ್ಗ್’ ಕಥೆಯಲ್ಲಿ ಮುಂದಿನ ನೂರೈವತ್ತು ವರ್ಷಗಳ ಸಾಮಗ್ರಿ ಬಹುಪಾಲು ಸಿದ್ಧವಾಗಿ ಕೂತಿದೆ. ಒಳಗಿನಿಂದ ಬಾಗಿಲು ಹಾಕಿದ ಕೋಣೆಯಲ್ಲಿ ಹೆಣ, ದಿಕ್ಕು ತಪ್ಪಿದ ಪೊಲೀಸರು, ಪೊಲೀಸಿನವನಲ್ಲದ ಬುದ್ಧಿವಂತ ಡ್ಯೂಪನ್, ಅವನ ಸಾಹಸವನ್ನು ಬೆರಗಿನಿಂದ ವರದಿ ಮಾಡುವ ಹೆಸರಿಲ್ಲದ ಗೆಳೆಯ. ಆ ಹೊತ್ತಿಗೆ ಪೊಲೀಸ್ ಪತ್ತೇದಾರಿ ಎಂಬ ಕಸುಬೇ ಹೊಸದು. ಪ್ಯಾರಿಸ್ಸಿನಲ್ಲಿ ಹಿಂದೆ ತಾನೇ ಅಪರಾಧಿಯಾಗಿದ್ದು ಆಮೇಲೆ ಪತ್ತೆದಳದ ಮುಖ್ಯಸ್ಥನಾದ ವಿಡೋಕ್ 1828ರಲ್ಲಿ ತನ್ನ ನೆನಪುಗಳನ್ನು ಪ್ರಕಟಿಸಿ ಹೆಸರು ಮಾಡಿದ್ದ; ಲಂಡನ್ ಪೊಲೀಸರು ಪತ್ತೇದಾರರ ಪ್ರತ್ಯೇಕ ಶಾಖೆ ತೆರೆದದ್ದು 1842ರಲ್ಲಿ. ಆದರೂ ಪೋ ಅವರ ಡ್ಯೂಪನ್ ಕಥೆಗಳು ಮೂರೇ ಮೂರು, ಮೂರೂ ಉದ್ದುದ್ದ ವಾದಗಳಿಂದ ತುಂಬಿದವು. ಓದುಗ ತಲೆದೂಗುತ್ತಾನೆಯೇ ಹೊರತು ಓಡುವುದಿಲ್ಲ. ಜನಪ್ರಿಯತೆ ಬರಲು ಇನ್ನೊಂದು ಐವತ್ತು ವರ್ಷ ಬೇಕಾಯಿತು. ಅದಕ್ಕೆ ಸಾಹಿತ್ಯದ ಹೊರಗಿನ ಕಾರಣಗಳೂ ಸೇರಿಕೊಂಡವು.

ಇಂಗ್ಲೆಂಡಿನಲ್ಲಿ 1870ರ ಶಿಕ್ಷಣ ಕಾಯ್ದೆಯಿಂದಾಗಿ ಓದಬಲ್ಲ ಹೊಸ ತಲೆಮಾರು ತಯಾರಾಯಿತು. ಆಫೀಸು, ಅಂಗಡಿಗಳಲ್ಲಿ ಗುಮಾಸ್ತಗಿರಿಗೆ ಸೇರಿದ ಈ ಜನ ದಿನಾ ಊರಾಚೆಯಿಂದ ರೈಲಿನಲ್ಲಿ ಲಂಡನ್ನಿಗೆ ಬಂದು ಹೋಗುತ್ತಿದ್ದರು. 1848ರಿಂದಲೇ ರೈಲು ನಿಲ್ದಾಣಗಳಲ್ಲಿ ಡಬ್ಲ್ಯೂ.ಎಚ್. ಸ್ಮಿತ್ ಕಂಪನಿಯ ಪುಸ್ತಕದಂಗಡಿಗಳಿದ್ದವು. ಅಲ್ಲಿ ಕೊಂಡು, ಗಾಡಿ ಹತ್ತಿ, ಊರು ಬರುವಷ್ಟರಲ್ಲಿ ಮುಗಿಸಬಹುದಾದ ಓದು ಬೇಕಾಗಿತ್ತು. ಈ ಓದುಗರನ್ನೇ ಕಣ್ಣಮುಂದಿಟ್ಟುಕೊಂಡು ಜಾರ್ಜ್ ನ್ಯೂನ್ಸ್ 1891ರ ಜನವರಿಯಲ್ಲಿ ಆರು ಪೆನ್ನಿ ಬೆಲೆಯ, ತುಂಬ ಚಿತ್ರಗಳಿರುವ ‘ದಿ ಸ್ಟ್ರ್ಯಾಂಡ್’ ಮಾಸಪತ್ರಿಕೆ ಶುರು ಮಾಡಿದರು.

ಆರ್ಥರ್ ಕೋನನ್ ಡಾಯ್ಲ್ ಆಗ ರೋಗಿಗಳು ಹೆಚ್ಚಿಲ್ಲದ ವೈದ್ಯರು. ಷರ್ಲಾಕ್ ಹೋಮ್ಸ್‌ನ ಮೊದಲ ಕಾದಂಬರಿ ‘ಎ ಸ್ಟಡಿ ಇನ್ ಸ್ಕಾರ್ಲೆಟ್’ 1887ರಲ್ಲೇ ಒಂದು ಕ್ರಿಸ್‌ಮಸ್ ಸಂಚಿಕೆಯಲ್ಲಿ ಬಂದಿತ್ತು. ಅದರ ಪೂರ್ತಿ ಹಕ್ಕನ್ನು ಅವರು 25 ಪೌಂಡಿಗೆ ಮಾರಿದ್ದರು. ಹೇಳಿಕೊಳ್ಳುವಂಥ ಗದ್ದಲವೇನೂ ಆಗಲಿಲ್ಲ. ಪತ್ರಿಕೆಗೆ ಬರೆಯುವಾಗ ಡಾಯ್ಲ್ ಅವರಿಗೊಂದು ವಿಷಯ ಹೊಳೆಯಿತು. ಧಾರಾವಾಹಿಯ ಒಂದು ಕಂತು ತಪ್ಪಿಸಿಕೊಂಡ ಓದುಗ ಮುಂದಿನದನ್ನು ಓದುವ ಆಸೆಯನ್ನೇ ಬಿಡುತ್ತಾನೆ. ಬಿಡಿ ಕಥೆಗಳಾದರೆ ಆ ತೊಂದರೆಯಿಲ್ಲ, ಆದರೆ ಮುಂದಿನ ಸಂಚಿಕೆಗಾಗಿ ಕಾಯುವ ಕಾರಣವೂ ಇಲ್ಲ. ಪ್ರತಿ ತಿಂಗಳೂ ಪೂರ್ತಿಯಾಗಿ ಮುಗಿಯುವ ಕಥೆ ಇರಲಿ, ಆದರೆ ಎಲ್ಲದರಲ್ಲೂ ಅದೇ ನಾಯಕ ಬರಲಿ. ಈ ಏರ್ಪಾಟಿನಲ್ಲಿ ಬಂದ ಮೊದಲ ಕಥೆ ‘ದಿ ಸ್ಟ್ರ್ಯಾಂಡ್’ನ 1891ರ ಜುಲೈ ಸಂಚಿಕೆಯ ‘ಎ ಸ್ಕ್ಯಾಂಡಲ್ ಇನ್ ಬೊಹೀಮಿಯಾ’. ಮುಂದೆ ಹೋಮ್ಸ್ ಕಥೆಗಳ ಲೆಕ್ಕ 56 ಸಣ್ಣಕಥೆ, 4 ಕಾದಂಬರಿಗೆ ನಿಂತಿತು. 1893ರ ಡಿಸೆಂಬರಿನಲ್ಲಿ ಡಾಯ್ಲ್ ತಮ್ಮ ನಾಯಕನನ್ನು ಜಲಪಾತಕ್ಕೆ ಬೀಳಿಸಿ ಕೈತೊಳೆದುಕೊಂಡಾಗ ಓದುಗರು ಸಿಟ್ಟಿಗೆದ್ದು ಪತ್ರ ಬರೆದರು, ಸಾವಿರಾರು ಮಂದಿ ಚಂದಾ ನಿಲ್ಲಿಸಿದರು. ಹತ್ತು ವರ್ಷದೊಳಗೆ ಹೋಮ್ಸ್ ಮತ್ತೆ ಬದುಕಿ ಬರಬೇಕಾಯಿತು.

ಸರಣಿಯ ನಾಯಕ ಓದಿನ ಹೊರೆಯನ್ನು ಎಷ್ಟು ಇಳಿಸುತ್ತಾನೆ ಎಂಬುದನ್ನು ಇಲ್ಲಿ ಗಮನಿಸಬೇಕು. ಯಾವುದೇ ಹೊಸ ಕಾದಂಬರಿ ತೆರೆದಾಗ ಮೊದಲ ಮೂವತ್ತು ಪುಟ ಶ್ರಮದ ಕೆಲಸ: ಯಾರು ಯಾರು, ಎಲ್ಲಿದ್ದಾರೆ, ಯಾರನ್ನು ನಂಬಬೇಕು. ಹೋಮ್ಸ್ ಕಥೆಯಲ್ಲಿ ಆ ಶ್ರಮ ಒಂದೇ ಸಲದ್ದು. ಬೇಕರ್ ಬೀದಿಯ ಮನೆ, ಅಗ್ಗಿಷ್ಟಿಕೆ, ಪಿಟೀಲು, ಬಾಗಿಲು ತಟ್ಟುವ ಅಪರಿಚಿತ, ಬಂದವನ ಬೂಟು ತೋಳುಗಳನ್ನು ನೋಡಿಯೇ ಅವನ ಜಾತಕ ಹೇಳುವ ಹೋಮ್ಸ್. ಈ ಕ್ರಮ ಪರಿಚಿತವಾಗಿರುವುದರಿಂದಲೇ ಓದುಗನ ಗಮನವೆಲ್ಲ ಈ ಸಲದ ಹೊಸ ಸಂಗತಿಯ ಮೇಲೆ ಬೀಳುತ್ತದೆ. ಡಾಕ್ಟರ್ ವಾಟ್ಸನ್‌ನದು ಇನ್ನೊಂದು ಸೇವೆ. ಅವನು ಹೋಮ್ಸ್ ಕಂಡದ್ದನ್ನೆಲ್ಲ ಕಾಣುತ್ತಾನೆ, ಆದರೆ ಅರ್ಥ ಮಾಡಿಕೊಳ್ಳುವುದಿಲ್ಲ. ಓದುಗ ಕೇಳಬೇಕೆಂದಿರುವ ಪ್ರಶ್ನೆಯನ್ನು ಅವನೇ ಕೇಳಿಬಿಡುವುದರಿಂದ ವಿವರಣೆ ಪಾಠವಾಗದೆ ಮಾತುಕತೆಯಾಗುತ್ತದೆ. 1892ರ ‘ಸಿಲ್ವರ್ ಬ್ಲೇಜ಼್’ ಕಥೆಯಲ್ಲಿ ಲಾಯದಿಂದ ಕುದುರೆ ಕಾಣೆಯಾದ ರಾತ್ರಿ ನಾಯಿ ಬೊಗಳಲಿಲ್ಲ. ಬಂದವನು ನಾಯಿಗೆ ಗೊತ್ತಿದ್ದವನೇ ಎಂಬುದು ಅದರ ಅರ್ಥ. ಈ ಸುಳಿವು ಹಳ್ಳಿಯ ಮಗುವಿಗೂ ತಿಳಿಯುವಂಥದು. ಆದರೂ ಓದುವಾಗ ಯಾರಿಗೂ ಹೊಳೆಯುವುದಿಲ್ಲ, ಏಕೆಂದರೆ ನಡೆಯದೇ ಹೋದದ್ದನ್ನು ಯಾರೂ ಲೆಕ್ಕಕ್ಕೆ ಇಟ್ಟುಕೊಳ್ಳುವುದಿಲ್ಲ. ದೊಡ್ಡ ವಿದ್ಯೆ ಬೇಡದ, ಸರಿಯಾಗಿ ನೋಡಿದ್ದರೆ ತನಗೂ ತಿಳಿಯುತ್ತಿತ್ತು ಅನ್ನಿಸುವ ಉತ್ತರದಲ್ಲಿ ಓದುಗನಿಗೆ ವಿಶೇಷವಾದ ಖುಷಿ ಇದೆ.

ಇದೇ ಕೌಶಲ ತುದಿ ಮುಟ್ಟಿದ್ದು ಅಗಾಥಾ ಕ್ರಿಸ್ಟಿಯವರಲ್ಲಿ. ಮೊದಲ ಮಹಾಯುದ್ಧದ ಕಾಲದಲ್ಲಿ ಆಕೆ ಟಾರ್ಕಿ ಎಂಬ ಊರಿನ ಆಸ್ಪತ್ರೆಯಲ್ಲಿ ದಾದಿಯಾಗಿ, ಬಳಿಕ ಔಷಧಾಲಯದಲ್ಲಿ ಕೆಲಸ ಮಾಡಿದರು. ವಿಷಗಳ ಪರಿಚಯವಾದದ್ದು ಅಲ್ಲಿಯೇ. 1920ರಲ್ಲಿ ಪ್ರಕಟವಾದ ಮೊದಲ ಕಾದಂಬರಿ ‘ದಿ ಮಿಸ್ಟೀರಿಯಸ್ ಅಫೇರ್ ಅಟ್ ಸ್ಟೈಲ್ಸ್’ನಲ್ಲಿ ಸ್ಟ್ರಿಕ್ನಿನ್ ವಿಷದ ಬಳಕೆ ಎಷ್ಟು ನಿಖರವಾಗಿತ್ತೆಂದರೆ ಔಷಧಶಾಸ್ತ್ರದ ಪತ್ರಿಕೆಯೊಂದು ಅದನ್ನು ಮೆಚ್ಚಿ ಬರೆಯಿತು. ಆಕೆಗೆ ಬಹಳ ಸಂತೋಷ ಕೊಟ್ಟ ವಿಮರ್ಶೆಗಳಲ್ಲಿ ಅದೂ ಒಂದು. ಮುಂದಿನ ಐದು ದಶಕಗಳಲ್ಲಿ 66 ಪತ್ತೇದಾರಿ ಕಾದಂಬರಿಗಳು ಬಂದವು, ನೂರಕ್ಕೂ ಹೆಚ್ಚು ಭಾಷೆಗಳಿಗೆ ಹೋದವು. 1952ರ ನವೆಂಬರಿನಲ್ಲಿ ಲಂಡನ್ನಿನಲ್ಲಿ ಶುರುವಾದ ಅವರ ನಾಟಕ ‘ದಿ ಮೌಸ್‌ಟ್ರ್ಯಾಪ್’ ಕೋವಿಡ್ ಕಾಲದ ಬಿಡುವೊಂದನ್ನು ಬಿಟ್ಟರೆ ನಿರಂತರವಾಗಿ ನಡೆದುಬಂದಿದೆ. 1975ರಲ್ಲಿ ಅವರು ತಮ್ಮ ಪತ್ತೇದಾರ ಹರ್ಕ್ಯೂಲ್ ಪ್ವಾರೋನ ಕಥೆ ಮುಗಿಸಿದಾಗ ‘ನ್ಯೂಯಾರ್ಕ್ ಟೈಮ್ಸ್’ ಮುಖಪುಟದಲ್ಲಿ ಅವನ ನಿಧನವಾರ್ತೆ ಅಚ್ಚಾಯಿತು.

ಕ್ರಿಸ್ಟಿಯವರ ಗದ್ಯದಲ್ಲಿ ನೆನಪಿಟ್ಟುಕೊಂಡು ಹೇಳುವಂಥ ವಾಕ್ಯಗಳು ಕಡಿಮೆ. ಅರ್ಧಕ್ಕರ್ಧ ಸಂಭಾಷಣೆ. ಮನೆಯ ವರ್ಣನೆ ನಾಲ್ಕು ಸಾಲು, ಮನುಷ್ಯರ ವರ್ಣನೆ ಎರಡು ಸಾಲು. ನಿವೃತ್ತ ಸೇನಾಧಿಕಾರಿ, ಊರಿನ ಡಾಕ್ಟರು, ಸಿಡುಕಿನ ಶ್ರೀಮಂತ ಮುದುಕಿ, ದುಂದುಗಾರ ಸೋದರಳಿಯ, ಬಾಯಿಬಿಡದ ಸೆಕ್ರೆಟರಿ. ಪಾತ್ರಗಳು ಪಡಿಯಚ್ಚು ಎಂದು ವಿಮರ್ಶಕರು ದೂರಿದ್ದಾರೆ. ದೂರು ನಿಜ, ಆದರೆ ಆ ಪಡಿಯಚ್ಚಿಗೆ ಎರಡು ಕೆಲಸಗಳಿವೆ. ಹತ್ತು ಹನ್ನೆರಡು ಮಂದಿ ಒಟ್ಟಿಗೆ ಬಂದರೂ ಓದುಗನಿಗೆ ಗೊಂದಲವಾಗುವುದಿಲ್ಲ ಎಂಬುದು ಒಂದು. ಎರಡನೆಯದು ಹೆಚ್ಚು ಸೂಕ್ಷ್ಮ: ಇಂಥವರು ಹೀಗೆಯೇ ಇರುತ್ತಾರೆ ಎಂದು ಓದುಗ ತಾನೇ ಊಹಿಸಿಕೊಂಡು ಮುಂದೆ ಹೋಗುತ್ತಾನೆ, ಕೊಲೆಗಾರ ಅಡಗಿರುವುದು ಆ ಊಹೆಯ ಹಿಂದೆ. ಲೇಖಕಿ ಒಂದು ಸುಳ್ಳನ್ನೂ ಹೇಳಿರುವುದಿಲ್ಲ. ಮೋಸ ಹೋದವನು ತನ್ನ ಅಭ್ಯಾಸದಿಂದಲೇ ಮೋಸ ಹೋಗಿರುತ್ತಾನೆ. 1926ರ ‘ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’ ಈ ವಿದ್ಯೆಯ ಶಿಖರ. ಅದರ ಮುಕ್ತಾಯ ನ್ಯಾಯವೋ ಅನ್ಯಾಯವೋ ಎಂಬ ಚರ್ಚೆ ಇಂದಿಗೂ ನಿಂತಿಲ್ಲ. ಓದದವರ ಸಂತೋಷಕ್ಕಾಗಿ ಆ ಗುಟ್ಟು ಇಲ್ಲಿ ಹಾಗೆಯೇ ಇರಲಿ.

ಸುಳಿವು ಮುಚ್ಚಿಡುವ ಉಪಾಯಗಳೂ ಇದೇ ಜಾತಿಯವು. ಮೇಜಿನ ಮೇಲಿದ್ದ ಏಳೆಂಟು ವಸ್ತುಗಳ ಪಟ್ಟಿಯ ನಡುವೆ ಮುಖ್ಯವಾದದ್ದನ್ನು ಸೇರಿಸುವುದು ಒಂದು. ಪಟ್ಟಿಯ ನಡುಭಾಗವನ್ನು ಕಣ್ಣು ಬೇಗ ದಾಟುತ್ತದೆ. ಮುಖ್ಯ ಮಾತನ್ನು ಯಾರೂ ಲೆಕ್ಕಕ್ಕಿಡದ ವಾಚಾಳಿಯ ಬಾಯಿಂದ ಹೇಳಿಸುವುದು ಇನ್ನೊಂದು. ಸುಳಿವು ಕಾಣಿಸಿದ ಮರುಕ್ಷಣವೇ ಚೀರಾಟವೋ ಎರಡನೆಯ ಹೆಣವೋ ಬಂದು ಗಮನವನ್ನು ಎಳೆದೊಯ್ಯುವುದು ಮತ್ತೊಂದು. ಪುಸ್ತಕ ಮುಗಿಸಿ ಹಿಂದಕ್ಕೆ ತಿರುಗಿಸಿದರೆ ಎಲ್ಲವೂ ಇದ್ದಲ್ಲೇ ಇರುತ್ತದೆ.

ಈ ಪ್ರಾಮಾಣಿಕತೆಯನ್ನು ಅಂದಿನ ಲೇಖಕರು ಕಟ್ಟಳೆಯಾಗಿ ಬರೆದಿಟ್ಟುಕೊಂಡರು. ಕ್ಯಾಥೊಲಿಕ್ ಪಾದ್ರಿಯೂ ಪತ್ತೇದಾರಿ ಲೇಖಕರೂ ಆಗಿದ್ದ ರೊನಾಲ್ಡ್ ನಾಕ್ಸ್ 1929ರಲ್ಲಿ ಹತ್ತು ನಿಯಮ ಹೇಳಿದರು: ಅಪರಾಧಿ ಕಥೆಯ ಆರಂಭದಲ್ಲೇ ಕಾಣಿಸಿಕೊಂಡಿರಬೇಕು, ದೆವ್ವಭೂತಗಳಿಂದ ಒಗಟು ಬಿಡಿಸಬಾರದು, ಪತ್ತೇದಾರನಿಗೆ ಸಿಕ್ಕ ಸುಳಿವು ಓದುಗನಿಗೂ ಸಿಗಬೇಕು, ಹೀಗೆ. ಮರುವರ್ಷ ಲಂಡನ್ನಿನಲ್ಲಿ ‘ಡಿಟೆಕ್ಷನ್ ಕ್ಲಬ್’ ಹುಟ್ಟಿತು, ಜಿ.ಕೆ. ಚೆಸ್ಟರ್ಟನ್ ಅದರ ಮೊದಲ ಅಧ್ಯಕ್ಷರು. ಅಮೆರಿಕದ ಎಲರಿ ಕ್ವೀನ್ ಕಾದಂಬರಿಗಳಲ್ಲಂತೂ ಕೊನೆಗೆ ಮುನ್ನ ಕಥೆ ನಿಲ್ಲಿಸಿ, ಬೇಕಾದ ಸಾಕ್ಷ್ಯವೆಲ್ಲ ಈಗ ಓದುಗರ ಕೈಯಲ್ಲಿದೆ, ಬಿಡಿಸಿ ನೋಡಿ ಎಂದು ಸವಾಲು ಹಾಕುವ ಪದ್ಧತಿಯಿತ್ತು. ಈ ಸವಾಲನ್ನು ನಿಜವಾಗಿ ಸ್ವೀಕರಿಸಿ ಕಾಗದ ಪೆನ್ಸಿಲು ಹಿಡಿಯುವವರು ಎಲ್ಲೋ ಕೆಲವರು. ಹೆಚ್ಚಿನವರು ಒಂದಿಬ್ಬರ ಮೇಲೆ ಅನುಮಾನ ಇಟ್ಟುಕೊಂಡು ಓದುತ್ತಾರೆ, ತಪ್ಪಿದರೆ ಬೇಸರಪಡುವುದಿಲ್ಲ. ಗೆಲ್ಲುವುದಕ್ಕಿಂತ ನ್ಯಾಯವಾಗಿ ಸೋಲುವುದೇ ಅವರಿಗೆ ಹೆಚ್ಚು ಪ್ರಿಯ. ಕೊಲೆಗಾರನನ್ನು ಮೊದಲೇ ಊಹಿಸಿಬಿಟ್ಟ ಪುಸ್ತಕವನ್ನು ಯಾರೂ ಗೆಳೆಯರಿಗೆ ಓದಲು ಕೊಡುವುದಿಲ್ಲ.

ಭಾಷೆಯನ್ನು ಹಟ ಹಿಡಿದು ಸರಳಗೊಳಿಸಿದವರಲ್ಲಿ ಬೆಲ್ಜಿಯಂ ಮೂಲದ ಫ್ರೆಂಚ್ ಲೇಖಕ ಜಾರ್ಜ್ ಸಿಮೆನೊನ್ ಎಲ್ಲರಿಗಿಂತ ಮುಂದೆ. ಎಳೆಯ ವಯಸ್ಸಿನಲ್ಲಿ ಅವರು ಪ್ಯಾರಿಸ್ಸಿನ ದಿನಪತ್ರಿಕೆಯೊಂದಕ್ಕೆ ಕಥೆ ಕೊಡುತ್ತಿದ್ದಾಗ ಅಲ್ಲಿ ಸಂಪಾದಕಿಯಾಗಿದ್ದ ಕಾದಂಬರಿಗಾರ್ತಿ ಕೊಲೆಟ್ ಮತ್ತೆ ಮತ್ತೆ ಹಿಂದಿರುಗಿಸಿ, ಇದರಲ್ಲಿ ಸಾಹಿತ್ಯ ಹೆಚ್ಚಾಯಿತು, ತೆಗೆದುಹಾಕು ಎಂದರಂತೆ. ಸಿಮೆನೊನ್ ಆ ಮಾತನ್ನು ಜೀವನವಿಡೀ ಪಾಲಿಸಿದರು. ತಿದ್ದುವಾಗ ವಿಶೇಷಣಗಳನ್ನೂ, ಅಲಂಕಾರಕ್ಕೆಂದು ಬಂದ ಪ್ರತಿ ಪದವನ್ನೂ ಹೊಡೆದುಹಾಕುತ್ತಿದ್ದರು. ಎಲ್ಲರಿಗೂ ಗೊತ್ತಿರುವ ಸುಮಾರು ಎರಡು ಸಾವಿರ ಪದಗಳೊಳಗೇ ಬರೆಯುತ್ತಿದ್ದರು. ದಿನಕ್ಕೊಂದು ಅಧ್ಯಾಯದಂತೆ ಹತ್ತು ಹನ್ನೊಂದು ದಿನಕ್ಕೆ ಒಂದು ಪುಸ್ತಕ ಮುಗಿಯುತ್ತಿತ್ತು. ಅವರ ಇನ್‌ಸ್ಪೆಕ್ಟರ್ ಮೆಗ್ರೆ 75 ಕಾದಂಬರಿಗಳಲ್ಲಿ ಬರುತ್ತಾನೆ. ಮೆಗ್ರೆ ಬುದ್ಧಿಯ ಚಮತ್ಕಾರ ಮಾಡುವವನಲ್ಲ. ಮಳೆಯಲ್ಲಿ ನೆನೆಯುತ್ತಾನೆ, ಬಾರಿನಲ್ಲಿ ಕೂತು ಬಿಯರ್ ಕುಡಿಯುತ್ತಾನೆ, ಸತ್ತವನ ಬೀದಿಯ ಗಾಳಿಗೆ ತಾನೂ ಒಗ್ಗಿಕೊಳ್ಳುತ್ತಾನೆ, ಕೊನೆಗೆ ಅಪರಾಧಿಯನ್ನು ಹಿಡಿಯುವುದಕ್ಕಿಂತ ಅರ್ಥ ಮಾಡಿಕೊಳ್ಳುತ್ತಾನೆ. ಎರಡು ಸಾವಿರ ಪದಗಳಲ್ಲಿ ಪ್ಯಾರಿಸ್ಸಿನ ಚಳಿ, ಬಾಡಿಗೆ ಮನೆಯ ಮೆಟ್ಟಿಲ ವಾಸನೆ, ಗಂಡಹೆಂಡಿರ ನಡುವಿನ ಹಳೆಯ ಹಗೆ ಎಲ್ಲವೂ ಬರುತ್ತದೆ. ಸರಳ ಗದ್ಯ ಎಂದರೆ ತೆಳು ಗದ್ಯ ಎನ್ನುವವರು ಒಂದು ಮೆಗ್ರೆ ಕಥೆಯನ್ನಾದರೂ ಓದಬೇಕು.

ಒಗಟಿನ ಕಥೆಯ ಪಕ್ಕದಲ್ಲೇ ಬೆಳೆದ ಇನ್ನೊಂದು ಕವಲು ಥ್ರಿಲ್ಲರ್. ಮೊದಲನೆಯದರಲ್ಲಿ ಪ್ರಶ್ನೆ ‘ಏನಾಯಿತು?’ ಎಂಬುದು, ಥ್ರಿಲ್ಲರಿನಲ್ಲಿ ‘ಮುಂದೇನಾಗುತ್ತದೆ?’ ಎಂಬುದು. ಚಿತ್ರ ನಿರ್ದೇಶಕ ಆಲ್ಫ್ರೆಡ್ ಹಿಚ್‌ಕಾಕ್ ಫ್ರೆಂಚ್ ನಿರ್ದೇಶಕ ಫ್ರಾನ್ಸ್‌ವಾ ತ್ರೂಫೋ ಜೊತೆಗಿನ ಮಾತುಕತೆಯಲ್ಲಿ ಇದರ ಮರ್ಮ ಹೇಳಿದ್ದಾರೆ: ಮೇಜಿನ ಕೆಳಗಿನ ಬಾಂಬು ಯಾರಿಗೂ ಗೊತ್ತಿಲ್ಲದೆ ಸಿಡಿದರೆ ಪ್ರೇಕ್ಷಕನಿಗೆ ಕೆಲವು ಸೆಕೆಂಡುಗಳ ಬೆಚ್ಚು, ಬಾಂಬು ಇದೆಯೆಂದು ಪ್ರೇಕ್ಷಕನಿಗೆ ಮಾತ್ರ ಮೊದಲೇ ಗೊತ್ತಿದ್ದರೆ ಕೂತವರ ಸಾದಾ ಹರಟೆಯೂ ಹದಿನೈದು ನಿಮಿಷದ ತಳಮಳವಾಗುತ್ತದೆ. ಈ ತಳಮಳವನ್ನು ಕಾರ್ಖಾನೆಯ ವೇಗದಲ್ಲಿ ತಯಾರಿಸಿದವರು ಎಡ್ಗರ್ ವ್ಯಾಲೇಸ್. 1905ರ ‘ದಿ ಫೋರ್ ಜಸ್ಟ್ ಮೆನ್’ ಕಾದಂಬರಿಯ ಕೊಲೆ ನಡೆದ ಬಗೆಯನ್ನು ಊಹಿಸಿದವರಿಗೆ ಒಟ್ಟು 500 ಪೌಂಡು ಬಹುಮಾನವೆಂದು ಅವರು ಸಾರಿದರು. ಎಷ್ಟು ಮಂದಿಗೆ ಎಂಬ ಮಿತಿ ಹಾಕಲು ಮರೆತದ್ದರಿಂದ ಪುಸ್ತಕ ಚೆನ್ನಾಗಿ ಮಾರಾಟವಾದರೂ ಸಾಲದಲ್ಲಿ ಮುಳುಗಿದರು. ಮುಂದೆ ಅವರು ಕಥೆಯನ್ನು ಬಾಯಲ್ಲಿ ಹೇಳಿ ಬರೆಸುತ್ತ ನೂರೈವತ್ತಕ್ಕೂ ಹೆಚ್ಚು ಕಾದಂಬರಿ ಕೊಟ್ಟರು. ಭಾರತದ ರೈಲು ನಿಲ್ದಾಣಗಳ ಪುಸ್ತಕದಂಗಡಿಯಲ್ಲಿ ದಶಕಗಳ ಕಾಲ ರಾರಾಜಿಸಿದ ಜೇಮ್ಸ್ ಹ್ಯಾಡ್ಲಿ ಚೇಸ್ ಇದೇ ಸಾಲಿನವರು. ಅಮೆರಿಕದ ಭೂಗತ ಜಗತ್ತಿನ ಕಥೆ ಬರೆದ ಈ ಇಂಗ್ಲಿಷ್ ಲೇಖಕರು ನಕ್ಷೆ ಮತ್ತು ಆಡುಮಾತಿನ ನಿಘಂಟುಗಳನ್ನು ನೆಚ್ಚಿ ಆ ದೇಶವನ್ನು ಕಟ್ಟಿದ್ದರು. ಅವರ ಪುಸ್ತಕದ ಅಧ್ಯಾಯಗಳು ಮುಗಿಯುವುದಿಲ್ಲ, ಮುರಿಯುತ್ತವೆ. ರಾತ್ರಿ ಹನ್ನೊಂದಕ್ಕೆ ದೀಪ ಆರಿಸಬೇಕೆಂದಿದ್ದವನು ಎರಡಕ್ಕೆ ಆರಿಸುವುದು ಇದರಿಂದಲೇ.

ಪುಸ್ತಕ ಅಗ್ಗವಾದದ್ದೂ ಈ ಜನಪ್ರಿಯತೆಯ ಒಂದು ದೊಡ್ಡ ಕಾರಣ. 1935ರಲ್ಲಿ ಅಲೆನ್ ಲೇನ್ ಆರು ಪೆನ್ನಿಗೆ ಪೆಂಗ್ವಿನ್ ಪುಸ್ತಕಗಳನ್ನು ತಂದಾಗ ಮೊದಲ ಹತ್ತರಲ್ಲಿ ಕ್ರಿಸ್ಟಿ ಮತ್ತು ಡೊರೊಥಿ ಸೇಯರ್ಸ್ ಅವರ ಒಂದೊಂದು ಪತ್ತೇದಾರಿ ಕಾದಂಬರಿ ಇತ್ತು. ಹಸಿರು ರಕ್ಷಾಪುಟ ಅಂದರೆ ಪತ್ತೇದಾರಿ ಎಂದು ಓದುಗರಿಗೆ ದೂರದಿಂದಲೇ ತಿಳಿಯುತ್ತಿತ್ತು.

ಓದುಗನ ಮನಸ್ಸಿಗೆ ಇದರಿಂದ ಸಿಗುವುದೇನು ಎಂಬ ಪ್ರಶ್ನೆಗೆ ಹಲವರು ಉತ್ತರ ಹುಡುಕಿದ್ದಾರೆ. ಕವಿ ಡಬ್ಲ್ಯೂ.ಎಚ್. ಆಡೆನ್ 1948ರ ಪ್ರಬಂಧದಲ್ಲಿ ತಮ್ಮ ಪತ್ತೇದಾರಿ ಓದನ್ನು ಚಟವೆಂದೇ ಕರೆದುಕೊಂಡರು. ಅವರ ವಿವರಣೆ ಹೀಗಿದೆ: ನೆಮ್ಮದಿಯ ಒಂದು ಸಣ್ಣ ಸಮಾಜ, ಕೊಲೆಯಿಂದಾಗಿ ಅಲ್ಲಿ ಎಲ್ಲರ ಮೇಲೂ ಅನುಮಾನ, ಕೊನೆಗೆ ಒಬ್ಬನೇ ಅಪರಾಧಿಯೆಂದು ತಿಳಿದು ಉಳಿದವರೆಲ್ಲ ನಿರಪರಾಧಿಗಳಾಗುವುದು. ಓದುಗನಿಗೂ ಆ ನಿರಪರಾಧಿತ್ವದಲ್ಲಿ ಪಾಲು ಸಿಗುತ್ತದೆ. ಒಗಟಿನ ಕಾದಂಬರಿ ಇಂಗ್ಲೆಂಡಿನಲ್ಲಿ ಹುಲುಸಾಗಿ ಬೆಳೆದದ್ದು ಎರಡು ಮಹಾಯುದ್ಧಗಳ ನಡುವಿನ ಕಾಲದಲ್ಲಿ ಎಂಬುದಕ್ಕೆ ಈ ವಿವರಣೆ ಹೊಂದುತ್ತದೆ. ಲಕ್ಷಾಂತರ ಯುವಕರು ಕಾರಣವೇ ಇಲ್ಲದಂತೆ ಸತ್ತದ್ದನ್ನು ಕಂಡ ಜನಕ್ಕೆ, ಒಂದೇ ಒಂದು ಸಾವಿಗೂ ಕಾರಣ ಹುಡುಕಿ, ಹೊಣೆ ಹೊರಿಸಿ, ಲೆಕ್ಕ ಚುಕ್ತಾ ಮಾಡುವ ಕಥೆ ದೊಡ್ಡ ಸಮಾಧಾನ. ಬದುಕಿನಲ್ಲಿ ಎಷ್ಟೋ ಪ್ರಕರಣಗಳು ಬಗೆಹರಿಯುವುದಿಲ್ಲ, ಕೋರ್ಟಿನಲ್ಲಿ ವರ್ಷಗಟ್ಟಲೆ ಎಳೆಯುತ್ತವೆ, ಸಾಕ್ಷಿಗಳು ತಿರುಗಿಬೀಳುತ್ತಾರೆ. ಪತ್ತೇದಾರಿ ಪುಸ್ತಕ ಇನ್ನೂರು ಪುಟದೊಳಗೆ ಉತ್ತರ ಕೊಡುತ್ತೇನೆಂದು ಮಾತು ಕೊಡುತ್ತದೆ, ಕೊಟ್ಟ ಮಾತಿಗೆ ತಪ್ಪುವುದಿಲ್ಲ. ದುಡಿದು ದಣಿದವರು, ಆಸ್ಪತ್ರೆಯ ಹೊರಗೆ ಕಾಯುವವರು, ರಾತ್ರಿ ಬಸ್ಸಿನ ಪ್ರಯಾಣಿಕರು ಇದನ್ನೇ ಕೈಗೆತ್ತಿಕೊಳ್ಳುವುದರಲ್ಲಿ ಆಶ್ಚರ್ಯವಿಲ್ಲ. ಅವರ ಆಯ್ಕೆಯನ್ನು ಕೀಳಾಗಿ ಕಾಣುವುದು ಸರಿಯೂ ಅಲ್ಲ.

ಈ ಪ್ರಕಾರದ ಚರಿತ್ರೆಯಲ್ಲಿ ಕರ್ನಾಟಕದ ಒಂದು ಊರು ಬಹಳ ಹಿಂದೆಯೇ ಬಂದುಹೋಗಿದೆ. ಇಂಗ್ಲಿಷಿನ ಮೊದಲ ದೊಡ್ಡ ಪತ್ತೇದಾರಿ ಕಾದಂಬರಿಯೆಂದು ಹಲವರು ಒಪ್ಪುವ, 1868ರಲ್ಲಿ ಬಂದ ವಿಲ್ಕಿ ಕಾಲಿನ್ಸ್ ಅವರ ‘ದಿ ಮೂನ್‌ಸ್ಟೋನ್’ ಶುರುವಾಗುವುದು 1799ರ ಶ್ರೀರಂಗಪಟ್ಟಣದ ಮುತ್ತಿಗೆಯಿಂದ. ಟಿಪ್ಪುವಿನ ಅರಮನೆಯ ಲೂಟಿಯಲ್ಲಿ ಒಬ್ಬ ಇಂಗ್ಲಿಷ್ ಅಧಿಕಾರಿ ಕೊಲೆ ಮಾಡಿ ದೋಚಿದ ವಜ್ರವೇ ಮುಂದಿನ ಅನಾಹುತಗಳಿಗೆಲ್ಲ ಮೂಲ. ಕಥೆಯ ಪಾತ್ರಗಳು ಸರದಿಯ ಮೇಲೆ ತಮ್ಮ ತಮ್ಮ ಪಾಲಿನ ಸಾಕ್ಷ್ಯ ಬರೆಯುತ್ತ ಹೋಗುತ್ತಾರೆ. ದೇವಾಲಯದ ಆಸ್ತಿಯಾಗಿದ್ದ ಆ ರತ್ನ ಇಂಗ್ಲಿಷರದಲ್ಲ ಎಂಬ ಭಾವ ಪುಸ್ತಕದುದ್ದಕ್ಕೂ ಇರುವುದು ಆ ಕಾಲಕ್ಕೆ ದೊಡ್ಡ ಮಾತು.

ಭಾರತೀಯ ಭಾಷೆಗಳಲ್ಲಿ ಬಂಗಾಳಿ ಮುಂದಿತ್ತು. ಶರದಿಂದು ಬಂದ್ಯೋಪಾಧ್ಯಾಯರ ಬ್ಯೋಮಕೇಶ್ 1932ರಲ್ಲಿ, ಸತ್ಯಜಿತ್ ರಾಯ್ ಅವರ ಫೆಲೂದಾ 1965ರಲ್ಲಿ ಬಂದರು. ಉರ್ದುವಿನ ಇಬ್ನೆ ಸಫಿ ತಮ್ಮ ‘ಜಾಸೂಸಿ ದುನಿಯಾ’ ಮಾಲೆಯನ್ನು ಅಲಹಾಬಾದಿನಲ್ಲಿ ಆರಂಭಿಸಿದ್ದು 1952ರಲ್ಲಿ. ಕನ್ನಡದ ಎನ್. ನರಸಿಂಹಯ್ಯನವರ ಮೊದಲ ಕಾದಂಬರಿ ‘ಪತ್ತೇದಾರ ಪುರುಷೋತ್ತಮ’ ಬಂದದ್ದೂ ಅದೇ ವರ್ಷ. 1951ರ ಜನಗಣತಿಯ ಪ್ರಕಾರ ದೇಶದ ಸಾಕ್ಷರತೆ ನೂರಕ್ಕೆ ಹದಿನೆಂಟರ ಆಸುಪಾಸಿನಲ್ಲಿತ್ತು. ಅಕ್ಷರ ಕಲಿತ ಮೊದಲ ತಲೆಮಾರು ಮನೆಮನೆಗಳಲ್ಲಿ ತಲೆಯೆತ್ತುತ್ತಿದ್ದ ಕಾಲ. ಅವರಿಗೆ ಶಾಲೆಯ ಪುಸ್ತಕವಲ್ಲದ, ದೊಡ್ಡ ಪದಗಳಿಂದ ಹೆದರಿಸದ ಪುಸ್ತಕ ಬೇಕಿತ್ತು. ನರಸಿಂಹಯ್ಯನವರು ನಾಲ್ಕನೆಯ ತರಗತಿಯವರೆಗೆ ಓದಿ, ಬಸ್ ಕಂಡಕ್ಟರ್ ಕೆಲಸ ಮಾಡಿ ಬಂದವರು. ಜನ ಹೇಗೆ ಮಾತನಾಡುತ್ತಾರೆಂಬುದು ಅವರಿಗೆ ಕಸುಬಿನಿಂದಲೇ ಗೊತ್ತಿತ್ತು. ಪುರುಷೋತ್ತಮ, ಮಧುಸೂದನ, ಅರಿಂಜಯ, ಗಾಳಿರಾಯ ಎಂಬ ಪತ್ತೇದಾರರನ್ನು ಸೃಷ್ಟಿಸಿ ಅವರು ಐನೂರಕ್ಕೂ ಮಿಕ್ಕಿ ಕಾದಂಬರಿ ಬರೆದರು. ಸರ್ಕ್ಯುಲೇಟಿಂಗ್ ಲೈಬ್ರರಿಗಳಲ್ಲಿ ದಿನಬಾಡಿಗೆಗೆ ಸಿಗುತ್ತಿದ್ದ ಆ ತೆಳು ಪುಸ್ತಕಗಳು ಕೈಯಿಂದ ಕೈಗೆ ದಾಟಿ ರಕ್ಷಾಪುಟ ಕಳಚಿಹೋಗುವವರೆಗೂ ಓದಿಸಿಕೊಂಡವು. ಅವುಗಳಿಂದ ಓದಿನ ರುಚಿ ಹತ್ತಿಸಿಕೊಂಡು ಬೇರೆ ಸಾಹಿತ್ಯಕ್ಕೆ ಬಂದವರು ಕನ್ನಡದಲ್ಲಿ ಬಹಳ. ಆ ಋಣವನ್ನು ಸಾಹಿತ್ಯ ಚರಿತ್ರೆಗಳು ತಕ್ಕಷ್ಟು ದಾಖಲಿಸಿಲ್ಲ.

ಕನ್ನಡ ಬಾವುಟದ ಹಳದಿ ಕೆಂಪನ್ನು ರೂಪಿಸಿದ ಕನ್ನಡ ಚಳವಳಿಯ ಮುಂದಾಳು ಮ. ರಾಮಮೂರ್ತಿ ಅವರೂ ಪತ್ತೇದಾರಿ ಕಾದಂಬರಿಗಳನ್ನು ಬರೆದವರು ಎಂಬುದು ಇಂದು ಹೆಚ್ಚಿನವರಿಗೆ ತಿಳಿಯದು. ‘ಬಂಗಾರದ ಮನುಷ್ಯ’ದ ಮೂಲ ಲೇಖಕ ಟಿ.ಕೆ. ರಾಮರಾವ್ ರಹಸ್ಯ ಕಥೆಗೆ ಮಲೆನಾಡಿನ ಮಂಜು, ಎಸ್ಟೇಟು, ಒಂಟಿ ಬಂಗಲೆಗಳ ಹವೆ ತಂದರು. ಸುದರ್ಶನ ದೇಸಾಯಿ, ಬಿ.ವಿ. ಅನಂತರಾಮ್, ವಿಜಯ ಸಾಸನೂರ ಮೊದಲಾದವರನ್ನು ವಾರಪತ್ರಿಕೆಗಳೂ ಮಾಸಪತ್ರಿಕೆಗಳೂ ಬೆಳೆಸಿದವು. ನೆರೆಯ ತಮಿಳಿನ ಸುಜಾತ, ಅಂದರೆ ಎಸ್. ರಂಗರಾಜನ್, ಬೆಂಗಳೂರಿನ ಭಾರತ್ ಎಲೆಕ್ಟ್ರಾನಿಕ್ಸ್‌ನಲ್ಲಿ ಎಂಜಿನಿಯರ್ ಆಗಿದ್ದುಕೊಂಡೇ ವಕೀಲ ಜೋಡಿ ಗಣೇಶ್ ವಸಂತರ ಕಥೆಗಳನ್ನು ಬರೆದರು.

ಆಕ್ಷೇಪಗಳೂ ಇಷ್ಟೇ ಹಳೆಯವು. ಅಮೆರಿಕದ ವಿಮರ್ಶಕ ಎಡ್ಮಂಡ್ ವಿಲ್ಸನ್ 1944–45ರಲ್ಲಿ ‘ನ್ಯೂಯಾರ್ಕರ್’ ಪತ್ರಿಕೆಯಲ್ಲಿ, ಇಂಥ ಪುಸ್ತಕ ಓದುವುದು ದೊಡ್ಡ ಪೆಟ್ಟಿಗೆಗಳನ್ನು ಬಿಚ್ಚಿ ಕೊನೆಗೆ ತುಕ್ಕು ಹಿಡಿದ ಮೊಳೆಗಳನ್ನು ಕಂಡಂತೆ ಎಂಬರ್ಥದಲ್ಲಿ ಬರೆದರು. ಜಾರ್ಜ್ ಆರ್ವೆಲ್ 1944ರಲ್ಲಿ ಚೇಸ್ ಅವರ ‘ನೋ ಆರ್ಕಿಡ್ಸ್ ಫಾರ್ ಮಿಸ್ ಬ್ಲ್ಯಾಂಡಿಷ್’ ಕುರಿತು ಬರೆಯುತ್ತ ಕ್ರೌರ್ಯವನ್ನೂ ಅಧಿಕಾರವನ್ನೂ ಆರಾಧಿಸುವ ಚಾಳಿಯನ್ನು ಎತ್ತಿ ತೋರಿಸಿದರು. ಅದೇ ವರ್ಷ ಪತ್ತೇದಾರಿ ಲೇಖಕ ರೇಮಂಡ್ ಚಾಂಡ್ಲರ್ ಇಂಗ್ಲಿಷ್ ಬಂಗಲೆಯ ಕೊಲೆಗಳು ಬದುಕಿಗೆ ದೂರ ಎಂದರು. ವಿಲ್ಸನ್ ಅವರ ಟೀಕೆಯಲ್ಲಿ ಉತ್ತರಕ್ಕಿಂತ ಹುಡುಕಾಟವೇ ಸುಖ ಎಂಬ ಅರಿವಿಲ್ಲ. ಆರ್ವೆಲ್ ಮಾತು ಮಾತ್ರ ಇಂದಿಗೂ ಚುಚ್ಚುತ್ತದೆ. ಹೆಣ್ಣಿನ ಮೇಲಿನ ಹಿಂಸೆಯನ್ನು ರೋಚಕತೆಗಾಗಿ ಬಳಸುವ, ಒಂದು ಜಾತಿ ಧರ್ಮ ದೇಶದವರನ್ನೇ ಖಳರನ್ನಾಗಿಸುವ, ಠಾಣೆಯ ಹೊಡೆತವನ್ನು ನ್ಯಾಯವೆಂದು ತೋರಿಸುವ ಪುಸ್ತಕಗಳು ಎಲ್ಲ ಭಾಷೆಗಳಲ್ಲೂ ಇವೆ. ಸಲೀಸಾಗಿ ಓದಿಸಿಕೊಳ್ಳುವ ಗದ್ಯದಲ್ಲಿ ಸುಳಿವು ಹೇಗೆ ಕಣ್ತಪ್ಪಿಸಿ ಒಳನುಗ್ಗುತ್ತದೆಯೋ ಪೂರ್ವಗ್ರಹವೂ ಹಾಗೆಯೇ ನುಗ್ಗಬಲ್ಲದು.

ಒಗಟು ಬಿಡಿಸಿದ ಮೇಲೂ ಈ ಪುಸ್ತಕಗಳನ್ನು ಮತ್ತೆ ಓದುವವರಿದ್ದಾರೆ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಸಾನ್ ಡಿಯಾಗೊ ಶಾಖೆಯ ಇಬ್ಬರು ಮನಶ್ಶಾಸ್ತ್ರಜ್ಞರು 2011ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ, ಮುಕ್ತಾಯವನ್ನು ಮೊದಲೇ ತಿಳಿಸಿ ಓದಲು ಕೊಟ್ಟ ಸಣ್ಣಕಥೆಗಳನ್ನು ಓದುಗರು ತುಸು ಹೆಚ್ಚೇ ಮೆಚ್ಚಿಕೊಂಡರು. ಅವುಗಳಲ್ಲಿ ಪತ್ತೇದಾರಿ ಕಥೆಗಳೂ ಇದ್ದವು. ನಂತರದ ಕೆಲವು ಅಧ್ಯಯನಗಳಲ್ಲಿ ಇದಕ್ಕೆ ವಿರುದ್ಧವಾದ ಫಲಿತಾಂಶವೂ ಬಂದಿದೆ. ಆದರೂ ಕ್ರಿಸ್ಟಿಯವರ ಒಳ್ಳೆಯ ಕಾದಂಬರಿಯೊಂದನ್ನು ಎರಡನೆಯ ಸಲ ಓದುವವರ ಅನುಭವಕ್ಕೆ ಮೊದಲ ಫಲಿತಾಂಶವೇ ಹತ್ತಿರ. ಮೊದಲ ಸಲ ಓದುಗ ಪತ್ತೇದಾರನ ಬೆನ್ನ ಹಿಂದೆ ನಡೆದಿರುತ್ತಾನೆ, ಎರಡನೆಯ ಸಲ ಲೇಖಕಿಯ ಬೆನ್ನ ಹಿಂದೆ. ಯಾವ ಮಾತಿಗೆ ಎರಡು ಅರ್ಥವಿತ್ತು, ಕೊಲೆಗಾರ ಮೊದಲ ಬಾರಿ ಬಾಗಿಲಲ್ಲಿ ಕಾಣಿಸಿಕೊಂಡಾಗ ಎಷ್ಟು ನಿಜ ಹೇಳಿದ್ದ, ಇತರರ ಗಮನ ಆಗ ಎಲ್ಲಿತ್ತು ಎಂಬುದೆಲ್ಲ ಆಗ ಕಾಣುತ್ತದೆ. ಉತ್ತರ ಗೊತ್ತಾದ ಮೇಲೆ ಸಪ್ಪೆಯಾಗುವ ಪುಸ್ತಕಗಳೂ ಬೇಕಾದಷ್ಟಿವೆ. ಅವು ಒಂದು ಪ್ರಯಾಣದ ಹೊತ್ತು ಕಳೆದು ಸೀಟಿನ ಮೇಲೆ ಉಳಿದುಬಿಡುತ್ತವೆ. ಹಳೆಯ ಪ್ರತಿ ಹರಿದುಹೋದರೆ ಹೊಸದನ್ನು ಕೊಂಡು ಮತ್ತೆ ಓದುವಂತೆ ಮಾಡುವವು ಡಾಯ್ಲ್, ಕ್ರಿಸ್ಟಿ, ಸಿಮೆನೊನ್ ಅವರಂಥವರ ಪುಸ್ತಕಗಳು.